ಮಾವ ಓಡಿಸದ ವಿಮಾನ

ಆಕಾಶದಲ್ಲಿ ವಿಮಾನದ ಸದ್ದಾದರೆ ಹೊಲದಲ್ಲಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿ, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ ಕಾಲವದು. ತೊಂಬತ್ತರ ದಶಕ. ಹಾಸನದ ಕಡೆ ಸಾಲಗಾಮೆ ಹತ್ತಿರದ ಅಜ್ಜಿಮನೆಯಲ್ಲಿದ್ದುಕೊಂಡು ನಾನು ಐದನೇ ಕ್ಲಾಸು ಓದುತ್ತಿದ್ದೆ. ಆ ವರ್ಷ ಆಲೂಗಡ್ಡೆ ಕೀಳುವ ಹೊತ್ತಿಗೆ ಸರಿಯಾಗಿ, ವಾಯುಪಡೆಯಲ್ಲಿದ್ದ ನಾಗರಾಜ ಮಾವ, ಅಮ್ಮನ ಕೊನೆಯ ತಮ್ಮ, ಒಂದು ತಿಂಗಳ ರಜೆ ಮೇಲೆ ಊರಿಗೆ ಬಂದ.

ನಡುಮನೆ ತುಂಬ ಆಲೂಗಡ್ಡೆ ರಾಶಿ, ಹಸಿ ಮಣ್ಣಿನ ವಾಸನೆ. ಸ್ಕೂಲಿಂದ ಬಂದವಳೇ ಮಾವನ ಪಕ್ಕ ಕೂರುತ್ತಿದ್ದೆ. ಒಲೆಯ ಕೆಂಡದಲ್ಲಿ ಸುಟ್ಟ ಗೆಡ್ಡೆಯನ್ನು ಊದಿ ಊದಿ ಸುಲಿದು, ಉಪ್ಪು ಖಾರ ಹಚ್ಚಿ ನನ್ನ ಕೈಗಿಟ್ಟು, ಅವನು ನೆಲದ ಮೇಲೆ ಉಳಿದ ಗೆಡ್ಡೆಗಳನ್ನು ಸಾಲಾಗಿ ಜೋಡಿಸುತ್ತಿದ್ದ.

"ಇವು ಇಮಾನ. ಇಷ್ಟು ಸೇರುದ್ರೆ ಒಂದು ಸ್ಕ್ವಾಡ್ರನ್ ಕಣವ್ವ. ಅಂತಾವು ಸೇರಿ ಒಂದು ವಿಂಗು. ಅದ್ರ ಮ್ಯಾಲೆ ಕಮಾಂಡು. ಕಮಾಂಡ್‌ಗಳೆಲ್ಲಾ ಡೆಲ್ಲಿ ಮಾತು ಕೇಳ್ಬೇಕು."

"ಇದ್ರಾಗೆ ನಿಂದ್ಯಾವ್ದು ಮಾವ?"

ಮಾವ ಒಂದು ಗೆಡ್ಡೆಯ ಮೇಲೆ ಬೆರಳಿಟ್ಟು, "ಇದು ನಂದು" ಎಂದ.

ಅಷ್ಟು ಸಾಕಾಯಿತು ನನಗೆ. ನಮ್ಮ ಮಾವ ಯುದ್ಧವಿಮಾನ ಓಡಿಸುತ್ತಾನೆಂದು ಮಾರನೆಯ ದಿನವೇ ಸ್ಕೂಲಿಗೆಲ್ಲ ಸಾರಿದೆ. ಸುದ್ದಿ ಕೇಳಿದ ಮೇಷ್ಟ್ರು ಖುಷಿಯಾಗಿ, ಶನಿವಾರ ಮಾವನನ್ನು ಮಕ್ಕಳ ಮುಂದೆ ಮಾತಾಡಲು ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಬಂದಿದ್ದ ಮಾವನನ್ನು ನೋಡಿ ನನ್ನ ಎದೆ ಉಬ್ಬಿತ್ತು.

ಹಿಂದಿನ ಸಾಲಿನ ಮಂಜ ಎದ್ದು ನಿಂತು, "ಇಮಾನ ಓಡ್ಸಕ್ಕೆ ಭಯ ಆಗಲ್ವಾ ಸಾ?" ಎಂದು ಕೇಳಿದ.

"ನಾನು ಓಡ್ಸೋನಲ್ಲ ಕಣಪ್ಪ, ರಿಪೇರಿ ಮಾಡೋನು. ಎಂಜಿನ್ ನೋಡಿ, ಎಲ್ಲಾ ಸರಿಯಾಗದೆ ಅಂತ ನಾನು ರುಜು ಆಕುದ್ಮೇಲೆ ಪೈಲಟ್ ಅತ್ತೋದು."

"ಅಂಗಾದ್ರೆ ಸೈಕಲ್ ಶಾಪ್ನೋರ ತರಾನಾ ಸಾ?"

ಇಡೀ ಸ್ಕೂಲು ನಕ್ಕಿತು. ಮಾವನೂ ನಕ್ಕು, "ಊಂ ಕಣ್ಲಾ, ಅಂಗೇಯ" ಎಂದ. ಒಬ್ಬ ಮೇಲೆ ಹಾರಬೇಕಾದರೆ ಎಂಜಿನ್ ನೋಡುವವರು, ಎಣ್ಣೆ ತುಂಬುವವರು, ಮೋಡ ಗಾಳಿ ಗಮನಿಸುವವರು, ಅಡುಗೆಯವರು ಎಂದು ಎಷ್ಟೊಂದು ಜನ ಕೆಳಗೆ ದುಡಿಯಬೇಕೆಂದು ಆಮೇಲೆ ವಿವರಿಸಿದ. ಒಂದೂ ನನ್ನ ಕಿವಿಗೆ ಬೀಳಲಿಲ್ಲ. ತಲೆ ಬಗ್ಗಿಸಿ ಕೂತಿದ್ದೆ.

ಅವತ್ತಿನಿಂದ ಮಾವನ ಜೊತೆ ಮಾತು ಬಿಟ್ಟೆ. ನಾಲ್ಕನೇ ದಿನಕ್ಕೆ ರಜೆ ರದ್ದಾಯಿತೆಂದು ತಂತಿ ಬಂತು. ಬೆಳಗಿನ ಬಸ್ಸಿಗೆ ಹೊರಟ ಮಾವ ನನ್ನ ಕೋಣೆಯ ಬಾಗಿಲು ತಟ್ಟಿದ.

"ಕ್ವಾಪ ಇಳೀತೇನವ್ವಾ? ಬಸ್ ಬಂದ್ಬುಡ್ತದೆ. ಒಂದ್ಸಲ ಮಕ ತೋರ್ಸು."

ನಾನು ಬಾಗಿಲು ತೆಗೆಯಲಿಲ್ಲ. ಬಸ್ಸು ಹೋದ ಸದ್ದು ಕೇಳಿದ ಮೇಲೆ ಅಳು ಬಂತು.

ತಿಂಗಳ ಮೇಲೆ ನನ್ನ ಹೆಸರಿಗೇ ಒಂದು ಇನ್‌ಲ್ಯಾಂಡ್ ಪತ್ರ ಬಂತು. "ನಾನು ರುಜು ಮಾಡಿ ಕಳಿಸಿದ ವಿಮಾನ ಇವತ್ತು ಹೊತ್ತು ಮೀರಿದರೂ ಬರಲಿಲ್ಲ. ಆಕಾಶ ನೋಡುತ್ತಾ ನಿಂತೇ ಇದ್ದೆ. ಕೊನೆಗೆ ಬಂತು. ಪೈಲಟ್ ಸಾಹೇಬರು ಇಳಿದವರೇ ನನ್ನ ಕೈ ಹಿಡಿದುಕೊಂಡರು. ಯಾರಿಗಾದರೂ ಹೇಳಬೇಕು ಅನ್ನಿಸಿತು, ನಿನಗೆ ಬರೆದೆ." ಹಿತ್ತಲಲ್ಲಿ ಕೂತು ಅದನ್ನು ಎಷ್ಟು ಸಲ ಓದಿದೆನೋ. ಉತ್ತರದಲ್ಲಿ ಮಾತ್ರ ಅಜ್ಜಿಯ ಮಂಡಿನೋವು, ಹಸು ಕರು ಹಾಕಿದ್ದು, ಇಷ್ಟೇ ಬರೆದೆ. ತಪ್ಪಾಯಿತು ಎಂದು ಬರೆಯಲು ಕೈ ಬರಲಿಲ್ಲ. ಮುಂದೆ ಬಂದಾಗ ಹೇಳಿದರಾಯಿತು ಅಂದುಕೊಂಡೆ. ಬಂದಾಗಲೂ ಹೇಳಲಿಲ್ಲ.

ಸರ್ವಿಸ್ ಮುಗಿಸಿದ ಮಾವ ಈಗ ಹಾಸನದಲ್ಲಿದ್ದಾನೆ. ವರ್ಷಗಟ್ಟಲೆ ಎಂಜಿನ್ನುಗಳ ಪಕ್ಕ ನಿಂತು ಕಿವಿಗಳು ಪೂರಾ ಮಂದವಾಗಿವೆ. ಪಿಸುಗುಟ್ಟಿದ್ದರೂ ಸಾಕಾಗುತ್ತಿದ್ದ ಅಷ್ಟೂ ವರ್ಷಗಳನ್ನು ನಾನು ಸುಮ್ಮನೆ ಕಳೆದುಬಿಟ್ಟಿದ್ದೆ. ಹೋದ ತಿಂಗಳು ಅವನ ಪಕ್ಕ ಕೂತು, ಕೈ ಹಿಡಿದುಕೊಂಡು ಹೇಳಿಯೇಬಿಟ್ಟೆ. "ಅವತ್ತು ಬಾಗ್ಲು ತೆಗೀಲಿಲ್ಲ ಮಾವ, ತಪ್ಪಾಯ್ತು."

ಮಾವ ನನ್ನ ತುಟಿಯನ್ನೇ ನೋಡಿ, ಆಮೇಲೆ ಬೀದಿ ಬಾಗಿಲ ಕಡೆ ತಿರುಗಿ ನೋಡಿದ.

"ಬಾಗ್ಲಾ? ತೆಗ್ದೇ ಅದಲ್ಲವ್ವಾ" ಎಂದ.