ಕೆಂಪಿಯ ಹೇರು ಇಳಿಸುವ ಶೇವಂತೆವ್ವ

ಕನ್ನೊಳ್ಳಿಯಲ್ಲಿ ಈಚೆಗೆ ಬೆಳಗಿನ ಮೊದಲ ಕೋಳಿ ಕೂಗುವುದು ಕುದುರೆಯ ಬೆನ್ನ ಮೇಲಿಂದ. ಊರ ಹೊರಗಿನ ಕಣದಲ್ಲಿ ಇನ್ನೂ ಮಬ್ಬುಗತ್ತಲೆ. ಜೋಳದ ಕಣಿಕೆಯ ಬಣವೆಗಳ ನಡುವೆ ಕಂದುಗೆಂಪು ಬಣ್ಣದ ಹೆಣ್ಣುಕುದುರೆಯೊಂದು ಸುತ್ತು ಹಾಕುತ್ತಿದೆ. ಅದರ ಬೆನ್ನ ಮೇಲೆ ಮಡಿಸಿದ ಕಂಬಳಿ, ಕಂಬಳಿಯ ಮೇಲೆ ಬಿದಿರಿನ ಬುಟ್ಟಿ, ಬುಟ್ಟಿಯೊಳಗೆ ಹುಂಜ. ಸೀರೆಯ ಕಚ್ಚೆ ಬಿಗಿದು, ಹಗ್ಗ ಹಿಡಿದು, ಬರಿಗಾಲಲ್ಲಿ ಮುಂದೆ ನಡೆಯುತ್ತಿರುವವಳು ಶೇವಂತೆವ್ವ. ಹುಂಜ ಕೂಗಿದಾಗಲೆಲ್ಲ ಊರ ನಾಯಿಗಳು ಬೊಗಳುತ್ತವೆ. ಕುದುರೆ ಮಾತ್ರ ಕಿವಿಯನ್ನೂ ಅಲುಗಿಸುವುದಿಲ್ಲ.

ಮಾತಾಡಿಸಲು ಹೋದವರಿಗೆ ಆಕೆ ಬಿಡುವು ಕೊಡುವುದಿಲ್ಲ. "ಹನ್ನೆರಡು ಸುತ್ತು ಆದೂರಿ, ಇನ್ನ ಎಂಟು ಅದಾವು. ಆಮ್ಯಾಲ ಕುಂತು ಮಾತಾಡೂಣು. ನಡಬರಕ ನಿಂತ್ರ ಕೆಲಸ ಮುಗೀತಂತ ತಿಳಕೊಂತಾಳ ಈಕಿ." ಕೆಲಸ ಮುಗಿಯಿತೆಂದು ಈ ಕುದುರೆ ತಿಳಿದುಕೊಳ್ಳುವುದೇ ಇಲ್ಲಿರುವ ಎಲ್ಲ ತಾಪತ್ರಯಕ್ಕೂ ಮೂಲ.

ಕುದುರೆಯ ಹೆಸರು ಕೆಂಪಿ, ವಯಸ್ಸು ಹದಿಮೂರು. ಇದೇ ೧೯೭೬ರ ಜನವರಿ ಕೊನೆಗೆ ಸಿಂದಗಿಯಲ್ಲಿ ನಡೆಯುವ ಜಾನುವಾರು ಪ್ರದರ್ಶನಕ್ಕೆ ಅದರ ಹೆಸರು ಬರೆಸಲಾಗಿದೆ. ಕೆಂಪಿಗೆ ಇದು ಮೊದಲ ಪ್ರದರ್ಶನ. ಐವತ್ತು ದಾಟಿದ ಶೇವಂತೆವ್ವನೂ ಈವರೆಗೆ ಇಂಥದ್ದೊಂದನ್ನು ಕಂಡವಳಲ್ಲ. ಆದರೂ ತಾನೇ ಪಳಗಿಸುತ್ತೇನೆಂದು ಹಟ ಹಿಡಿದು, ನಲವತ್ತು ದಿನದ ಲೆಕ್ಕ ಹಾಕಿ, ಉಣ್ಣೆಯ ದಾರಕ್ಕೆ ದಿನಕ್ಕೊಂದು ಗಂಟು ಹಾಕುತ್ತ ಬಂದಿದ್ದಾಳೆ. ಇಂದಿನದು ಇಪ್ಪತ್ತೆಂಟನೆಯ ಗಂಟು.

ಇವರದು ಕುರಿ ಕಾಯುವ ಮನೆತನ. ಮೂವತ್ತು ವರ್ಷ ಶೇವಂತೆವ್ವ ಮತ್ತು ಆಕೆಯ ಗಂಡ ರೇವಣಪ್ಪ ಸುಗ್ಗಿಯ ನಂತರ ಹಿಂಡು ಹೊಡೆದುಕೊಂಡು ಹೊರಡುತ್ತಿದ್ದರು. ಇಂಡಿ, ಬಸವನಬಾಗೇವಾಡಿ, ಮುದ್ದೇಬಿಹಾಳದ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ ಗೊಬ್ಬರ ಕೊಟ್ಟು, ಜೂನ್ ಹೊತ್ತಿನ ಮಿರಗದ ಮಳೆಗೆ ಊರು ಸೇರುತ್ತಿದ್ದರು. ಮನೆಯೆಂಬ ಮನೆಯೆಲ್ಲ ಕುದುರೆಯ ಬೆನ್ನ ಮೇಲೆ. ಬೀಸುಕಲ್ಲು, ಹಂಚು, ಕೊಡ, ಕುರಿಬಲೆ, ಕೋಳಿಬುಟ್ಟಿ, ದಾರಿಯಲ್ಲಿ ಹುಟ್ಟಿದ ಮರಿಗಳು, ಎಲ್ಲಕ್ಕೂ ಮೇಲೆ ಮಗುವಿನ ಜೋಳಿಗೆ. "ನನ್ನ ಕಡೀಕಿನ ಎರಡು ಮಕ್ಕಳು ಈಕೀ ಬೆನ್ನ ಮ್ಯಾಲೇ ಹಲ್ಲು ಮೂಡಿಸಿಕೊಂಡಾವ್ರಿ. ತೊಟ್ಟಲಾ ಅಂದ್ರ ಏನಂತ ನನ್ನ ಮಕ್ಕಳಿಗಿ ಗೊತ್ತಿಲ್ಲ," ಎನ್ನುತ್ತಾಳೆ ಶೇವಂತೆವ್ವ.

ಹೋದ ವರ್ಷ ರೇವಣಪ್ಪನ ಮೊಣಕಾಲು ಕೈಕೊಟ್ಟವು. ಹಿಂಡನ್ನು ತಮ್ಮನಿಗೆ ಒಪ್ಪಿಸಿ, ನಲವತ್ತು ಕುರಿ ಉಳಿಸಿಕೊಂಡು ಊರಲ್ಲೇ ನಿಂತರು. ನಿಂತ ಮನೆಗೆ ಹೊರುವ ಕುದುರೆ ಯಾಕೆ ಎಂಬುದು ರೇವಣಪ್ಪನ ತಕರಾರು. "ಕುಂತು ಉಣ್ಣಾಕ ಇದೇನು ಗೌಡರ ಮನಿ ಕುದುರಿ ಏನ್ರಿ?" ಎನ್ನುವ ಆತ ಹೆಂಡತಿಯನ್ನು ಒಂದು ಮಾತೂ ಕೇಳದೆ, ಇಂಡಿಯಲ್ಲಿ ಟಾಂಗಾ ಹೊಡೆಯುವ ಶಮಶುದ್ದೀನನಿಗೆ ಕೆಂಪಿಯನ್ನು ಕೊಡುವುದಾಗಿ ಹೇಳಿ ಬಂದ. ಶೇವಂತೆವ್ವ ಎರಡು ದಿನ ಗಂಡನೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ಸಾರಿಗೆ ಉಪ್ಪು ಹಾಕುವುದನ್ನೂ ಬಿಟ್ಟಳು. ನಾಲ್ಕನೆಯ ದಿನ ರೇವಣಪ್ಪ ರಾಜಿಗೆ ಬಂದ.

ಅದೇ ಹೊತ್ತಿಗೆ ಕುರಿಗಳಿಗೆ ಔಷಧ ಕುಡಿಸಲು ಬಂದಿದ್ದವನು ದನದ ದವಾಖಾನೆಯ ಕಂಪೌಂಡರ್ ಪರಮಾನಂದ. ಪ್ರದರ್ಶನದ ಸುದ್ದಿ ತಂದವನೂ ಅವನೇ. ರೇವಣಪ್ಪ ಅಲ್ಲೇ ಒಂದು ಕರಾರು ಹಾಕಿದ. "ಸಿಂದಗ್ಯಾಗ ಸಾಹೇಬರ ಮುಂದ ನೆಟ್ಟಗ ನಿಂತು ಬರಲಿ, ಸಾಯೂತನಕ ಮನ್ಯಾಗ ಇಟ್ಕೊಂಡು ಸಾಕತೇನಿ. ನಿಲ್ಲಲಿಲ್ಲಂದ್ರ ಶಮಶುದ್ದೀನ ಅಲ್ಲಿಂದನ ಹೊಡಕೊಂಡು ಹೋಗಲಿ." ಕರಾರು ಉದಾರವಾಗಿಯೇ ಕಾಣುತ್ತದೆ. ಆದರೆ ಕೆಂಪಿಯ ಸ್ವಭಾವ ಬಲ್ಲ ರೇವಣಪ್ಪ ಒಳಗೊಳಗೇ ನಗುತ್ತಿದ್ದ.

ಆ ಸ್ವಭಾವವೇನೆಂದರೆ, ಬೆನ್ನು ಬರಿದಾದ ಕೂಡಲೇ ಕೆಂಪಿ ಮಣ್ಣಲ್ಲಿ ಬಿದ್ದು ಹೊರಳುತ್ತದೆ. ಒಂಬತ್ತು ವರ್ಷ ದಾರಿಯಲ್ಲಿ ಬಿಡಾರ ಹೂಡಿದಾಗಲೆಲ್ಲ ಹೇರು ಇಳಿಸಿದ್ದಾರೆ, ಅದು ಹೊರಳಿದೆ. ಹೇರು ಇಳಿಯಿತೆಂದರೆ ಅದರ ಪಾಲಿಗೆ ಕಚೇರಿ ಮುಚ್ಚಿದಂತೆ. ಪ್ರದರ್ಶನದಲ್ಲೋ ಬರಿಬೆನ್ನಲ್ಲೇ ನಿಲ್ಲಬೇಕು, ಒಂದು ಸುತ್ತು ನಡೆದು ಇನ್ನೊಂದು ಸುತ್ತು ಓಡಬೇಕು. ಮೊದಲ ದಿನ ಬರಿಬೆನ್ನಲ್ಲಿ ಹೊರಗೆ ತಂದಾಗ ಕೆಂಪಿ ಹನ್ನೊಂದು ಸಲ ಹೊರಳಿತು. ಆಗತಾನೇ ಸಾರಿಸಿದ ಅಂಗಳದಲ್ಲಿ ಹೊರಳಿತು. ನೆರೆಮನೆಯ ಹೊನ್ನವ್ವ ಒಣಹಾಕಿದ್ದ ಮೆಣಸಿನಕಾಯಿಯ ಮೇಲೂ ಹೊರಳಿತು. ಎರಡು ದಿನ ಕುದುರೆಯೂ ಸೀನಿತು, ಓಣಿಯೂ ಸೀನಿತು.

ಶೇವಂತೆವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಯೋಚನೆ ಮಾಡಿದಳು. ಮರುದಿನ ಅಟ್ಟದ ಮೇಲಿದ್ದ ಹಳೆಯ ಸಂಸಾರವನ್ನೆಲ್ಲ ಇಳಿಸಿ ಮತ್ತೆ ಕೆಂಪಿಯ ಮೇಲೆ ಹೇರಿದಳು. ಮನೆಯವರು ಗುಳೆ ಹೊರಟರೆಂದು ಊರವರು ನೋಡಲು ಬಂದರು. ಆಕೆ ಹೋದದ್ದು ಕಣದ ತನಕ ಮಾತ್ರ. ಮೂರು ದಿನಕ್ಕೆ ಬೀಸುಕಲ್ಲು ಇಳಿಯಿತು, ಮತ್ತೆರಡು ದಿನಕ್ಕೆ ಕೊಡ, ಆಮೇಲೆ ಹಂಚು, ಆಮೇಲೆ ಬಲೆ. "ಒಮ್ಮಿಗೇ ಇಳಿಸಿದ್ರ ಆಕಿಗಿ ಗೊತ್ತಾಗತೈತಿ. ಗೊತ್ತಾಗಧಂಗ ಒಂದೊಂದ ಇಳಸಾಕತ್ತೇನಿ. ಕಡೀಕ ಒಂದು ಎಳೀ ದಾರ ಉಳಸ್ತೇನಿ ನೋಡ್ರಿ. ದಾರ ಐತಿ ಅಂದ್ರ ಹೇರು ಐತಿ ಅಂತ ನಿಲ್ಲತಾಳ," ಎಂದು ಉಪಾಯ ಬಿಡಿಸಿ ಹೇಳುತ್ತಾಳೆ.

ದಿನಕ್ಕೆ ಇಪ್ಪತ್ತು ಸುತ್ತು ಬೆಳಿಗ್ಗೆ, ಹತ್ತು ಸುತ್ತು ಸಂಜೆ. ಅರ್ಧ ಸೇರು ನೆನೆಸಿದ ಹುರಳಿ. ಹೊರಳಾಟ ಈಗ ಹನ್ನೊಂದರಿಂದ ಒಂದಕ್ಕೆ ಇಳಿದಿದೆ. ಮಧ್ಯಾಹ್ನ, ಪ್ರದರ್ಶನದಲ್ಲಿ ಪರೀಕ್ಷೆ ಮಾಡುವ ಸಾಹೇಬರ ತಾಲೀಮು. ಅಪರಿಚಿತ ಕೈ ಬಾಯಿ ಬಿಡಿಸಿ ಹಲ್ಲು ನೋಡುತ್ತದೆ, ಕಾಲೆತ್ತಿ ಗೊರಸು ನೋಡುತ್ತದೆ ಎಂದು ಪರಮಾನಂದ ಹೇಳಿದ್ದರಿಂದ, ಅವನು ಕೊಟ್ಟ ಹಳೆಯ ಕೋಟು ತೊಟ್ಟು ರೇವಣಪ್ಪನೇ ಸಾಹೇಬನಾಗಬೇಕಾಗಿದೆ. ಮೊದಲ ತಪಾಸಣೆಯಲ್ಲಿ ಕೆಂಪಿ ಹಲ್ಲು ತೋರಿಸಲಿಲ್ಲ, ಕೋಟಿನ ಕಿಸೆಯಲ್ಲಿದ್ದ ತಂಬಾಕಿನ ಚೀಲವನ್ನು ಹಲ್ಲಿನಿಂದ ಎಳೆದು ಅಗಿಯಿತು. ಅಂದಿನಿಂದ ಸಾಹೇಬರು ಕಿಸೆ ಖಾಲಿ ಮಾಡಿಕೊಂಡೇ ಬರುತ್ತಾರೆ. "ನಾನ ಮಾರಬೇಕಂದ ಕುದುರಿ. ಅದರ ಕಾಲು ನಾನ ಹಿಡ್ಯಾಕತ್ತೇನ್ರಿ," ಎಂದು ರೇವಣಪ್ಪ ಗೊಣಗುತ್ತಾನೆ.

ನಲವತ್ತು ಗಂಟು ಮುಗಿದ ಮರುದಿನ ಭಾನುವಾರ. ಸಿಂದಗಿಯ ಬಯಲಿನಲ್ಲಿ ಎತ್ತು, ಎಮ್ಮೆ, ಟಗರುಗಳ ಗದ್ದಲದ ಆಚೆ ಆರು ಕುದುರೆಗಳು ಸಾಲಾಗಿ ನಿಂತಿವೆ. ಮೂರನೆಯದು ಕೆಂಪಿ. ಮೈ ತಿಕ್ಕಿ ತೊಳೆದು ಕನ್ನಡಿಯಾಗಿದೆ. ಬೆನ್ನ ಮೇಲೆ ಅಡ್ಡಲಾಗಿ ಒಂದೇ ಒಂದು ಎಳೆ ಕರಿ ಉಣ್ಣೆ. ಪಕ್ಕದಲ್ಲಿ ಹಗ್ಗ ಹಿಡಿದ ಶೇವಂತೆವ್ವ. ನಾಲ್ಕು ಹೆಜ್ಜೆ ಆಚೆ ರೇವಣಪ್ಪ ನಿಂತಿದ್ದಾನೆ, ಅವನ ಪಕ್ಕದಲ್ಲಿ ಶಮಶುದ್ದೀನ, ಶಮಶುದ್ದೀನನ ಹೆಗಲ ಮೇಲೆ ಹೊಸ ಹಗ್ಗ.

ಬಿಳಿ ಪ್ಯಾಂಟು ತೊಟ್ಟ ಸಾಹೇಬರು ಬರುತ್ತಾರೆ. ಕೆಂಪಿ ಬಾಯಿ ತೆರೆಯುತ್ತದೆ. ನಾಲ್ಕೂ ಕಾಲು ಎತ್ತಿಕೊಡುತ್ತದೆ. ಒಂದು ಸುತ್ತು ನಡೆಯುತ್ತದೆ, ಇನ್ನೊಂದು ಸುತ್ತು ಓಡಿ, ಬಂದು, ಕಂಬ ನೆಟ್ಟಂತೆ ನಿಲ್ಲುತ್ತದೆ. ಸಾಹೇಬರು ತಲೆದೂಗಿ ಪೆನ್ನು ತೆಗೆಯುತ್ತಾರೆ. ಪರಮಾನಂದನ ಮುಖ ಅರಳುತ್ತದೆ. ಶೇವಂತೆವ್ವ ನಲವತ್ತು ದಿನ ಬಿಗಿಹಿಡಿದ ಉಸಿರನ್ನು ಈಗ ಬಿಡುತ್ತಾಳೆ.

ಅಷ್ಟರಲ್ಲಿ ಸಾಹೇಬರ ಕಣ್ಣಿಗೆ ದಾರ ಬೀಳುತ್ತದೆ. "ಇಷ್ಟು ಚಂದದ ಕುದುರೆಯ ಮೇಲೆ ಇದೆಂಥ ಕಸ?" ಎನ್ನುತ್ತ ಅವರು ಎರಡು ಬೆರಳಲ್ಲಿ ಎತ್ತಿ ಒಗೆಯುತ್ತಾರೆ. "ಬ್ಯಾಡ್ರಿ ಯಪ್ಪಾ!" ಎಂಬ ಶೇವಂತೆವ್ವನ ಕೂಗು ಹೊರಡುವಷ್ಟರಲ್ಲಿ ಹೊತ್ತು ಮೀರಿದೆ. ಕೆಂಪಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಮುಂಗಾಲು ಮಡಚಿ, ನೆಮ್ಮದಿಯಾಗಿ ಮಲಗಿ, ನಾಲ್ಕೂ ಕಾಲು ಆಕಾಶಕ್ಕೆತ್ತಿ ಹೊರಳುತ್ತದೆ. ಧೂಳು ಇಳಿದಾಗ ಪ್ಯಾಂಟಿನ ಬಣ್ಣವೂ ಕುದುರೆಯ ಬಣ್ಣವೂ ಒಂದೇ ಆಗಿವೆ. ಸಾಹೇಬರು ಏನೋ ಒಂದು ಸಾಲು ಗೀಚಿ ನಾಲ್ಕನೆಯ ಕುದುರೆಯತ್ತ ಹೋಗುತ್ತಾರೆ.

ಜನ ಹೊಟ್ಟೆ ಹಿಡಿದು ನಗುತ್ತಾರೆ. ಶೇವಂತೆವ್ವನಿಗೆ ಅಳು ಬರುತ್ತದೆ. ಒಂಬತ್ತು ವರ್ಷ ಜೊತೆಗಿದ್ದ ಜೀವವನ್ನು ಈಗ ಕೈಯಾರೆ ಒಪ್ಪಿಸಬೇಕು. ಹಗ್ಗವನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡು ಆಕೆ ಕೆಂಪಿಯ ಕುತ್ತಿಗೆಗೆ ಒರಗಿ ನಿಲ್ಲುತ್ತಾಳೆ. ಶಮಶುದ್ದೀನ ಹತ್ತಿರ ಬಂದು, "ಯಕ್ಕಾ, ಮ್ಯಾಲಿಂದು ಇಳಿಸಿದ್ರ ಯಾವಾಗಲೂ ಹಿಂಗನ ಮಾಡತಾಳೇನು?" ಎಂದು ಕೇಳುತ್ತಾನೆ.

"ಏ ಇಲ್ಲೋ, ಇವತ್ತೊಂದ ದಿನ," ಎಂದು ರೇವಣಪ್ಪ ಅವಸರದಿಂದ ಬಾಯಿ ಹಾಕುತ್ತಾನೆ.

"ಯಾವಾಗಲೂ ಅಪ್ಪಾ. ಸುಳ್ಳ್ಯಾಕ ಹೇಳಲಿ?" ಎನ್ನುತ್ತಾಳೆ ಶೇವಂತೆವ್ವ.

ಶಮಶುದ್ದೀನ ಹೊಸ ಹಗ್ಗವನ್ನು ಸುರುಳಿ ಸುತ್ತಿ ಕಂಕುಳಿಗೆ ಸೇರಿಸುತ್ತಾನೆ. "ಹಂಗಾದ್ರ ನನಗ ಬ್ಯಾಡ ರೇವಣಪ್ಪಣ್ಣಾ. ಸ್ಟೇಶನ್ಯಾಗ ಮೊದಲ ಗಂಡಸರು ಇಳೀತಾರ, ಹೆಣ್ಣುಮಕ್ಕಳು ಇನ್ನ ಮ್ಯಾಲೇ ಕುಂತಿರತಾರ. ಆವಾಗ ಈಕಿ ಟಾಂಗಾ ಸಮೇತ ಹೊರಳಿದ್ರ ನಾ ಯಾರ್ಯಾರಿಗಿ ಉತ್ತರಾ ಕೊಡ್ಲಿ?"

ರೇವಣಪ್ಪ ಹೊರಟುಹೋಗುವ ಶಮಶುದ್ದೀನನ ಬೆನ್ನನ್ನೇ ನೋಡುತ್ತ ನಿಲ್ಲುತ್ತಾನೆ. ಸಿಂದಗಿಯಷ್ಟೇ ಅಲ್ಲ, ಇಂಡಿ, ಬಾಗೇವಾಡಿ, ಮುದ್ದೇಬಿಹಾಳದ ಮಂದಿಯೂ ಇಲ್ಲಿ ನೆರೆದಿದ್ದಾರೆ. ನಾಲ್ಕು ತಾಲ್ಲೂಕಿನಲ್ಲಿ ಇನ್ನು ಈ ಕುದುರೆಯನ್ನು ಕೇಳುವವರಿಲ್ಲ ಎಂಬುದು ಅವನಿಗೂ ಹೊಳೆದಿದೆ. "ನಡಿ, ಹೊತ್ತಾತು," ಎಂದು ರೊಟ್ಟಿಯ ಗಂಟನ್ನು ಎತ್ತಿ ಕೆಂಪಿಯ ಬೆನ್ನಿಗೆ ಇಡಲು ಹೋಗುತ್ತಾನೆ. ಕೈ ಅರ್ಧಕ್ಕೆ ನಿಲ್ಲುತ್ತದೆ. ಮೈತುಂಬ ಧೂಳು ಹಚ್ಚಿಕೊಂಡು ಕಣ್ಣು ಪಿಳುಕಿಸುವ ಕುದುರೆಯನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿ, ಗಂಟನ್ನು ತನ್ನ ಹೆಗಲಿಗೇ ಏರಿಸಿಕೊಂಡು ಕುಂಟುತ್ತ ಮುಂದೆ ನಡೆಯುತ್ತಾನೆ.

ಕನ್ನೊಳ್ಳಿಯ ದಾರಿಯಲ್ಲಿ ಅವನ ಹಿಂದೆ ಕೆಂಪಿ ಹೊರಟಿದೆ. ಬೆನ್ನ ಮೇಲೆ ಕಂಬಳಿಯಿಲ್ಲ, ದಾರವಿಲ್ಲ, ಏನೂ ಇಲ್ಲ. ತಲೆಯೆತ್ತಿ, ಒಂದೇ ಸಮನೆ ಹೆಜ್ಜೆ ಹಾಕುತ್ತಿದೆ. ಪಕ್ಕದಲ್ಲಿ ನಡೆಯುತ್ತಿರುವ ಶೇವಂತೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಹಿಂದಿರುಗಿ ಬಯಲಿನತ್ತ ಕೈ ಮಾಡಿ ಹೇಳುತ್ತಾಳೆ:

"ಆ ಸಾಹೇಬರಿಗಿ ಹೇಳ್ರಿ, ಈಗ ಬಂದು ನೋಡಂತ."