ಮೂಗು ಕೈಕೊಟ್ಟ ಮೇಲೆ

ಕ್ರೋಂಪೇಟೆ ಸ್ಟೇಷನ್ನಿನ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಮುಖ್ಯ ಅಡುಗೆಯವರಾಗಿದ್ದ ಮಧ್ವರಾಜ ಭಟ್ಟರಿಗೆ ವಾಸನೆ ತಿಳಿಯದೆ ಐದು ತಿಂಗಳಾಗಿತ್ತು. ಅವರಿಗೂ ತಾಂಬರಂನ ಒಬ್ಬ ಕಿವಿ-ಮೂಗಿನ ಡಾಕ್ಟರಿಗೂ ಬಿಟ್ಟರೆ ಇದು ಇನ್ನಾರಿಗೂ ಗೊತ್ತಿಲ್ಲ ಎಂದು ಅವರು ನಂಬಿದ್ದರು. ಒಂದು ವಾರ ಕಾಡಿದ ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಗಿತ್ತು. ‘ವಾಪಸು ಬರಬಹುದು, ಬರದೆಯೂ ಇರಬಹುದು’ ಎಂದಿದ್ದರು ಡಾಕ್ಟರು. ಇಷ್ಟು ಹೇಳುವುದಕ್ಕೆ ಡಾಕ್ಟರೇ ಆಗಬೇಕೇ? ಬಸ್‌ಸ್ಟಾಪಿನಲ್ಲಿ ನಿಂತವರೂ ಹೇಳುತ್ತಾರೆ.

ಬೇರೆ ಅಡುಗೆಯವರಾಗಿದ್ದರೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ನೆಕ್ಕಿ ನೋಡಿ ದಿನ ದೂಡುತ್ತಿದ್ದರೋ ಏನೋ. ಭಟ್ಟರು ಕಲಿತ ಕ್ರಮ ಬೇರೆ. ಹದಿನಾಲ್ಕನೇ ವಯಸ್ಸಿಗೆ ಉಡುಪಿ ಕಡೆಯ ಹಳ್ಳಿಯಿಂದ ಪೆರಂಬೂರಿಗೆ ಬಂದು ಲೋಟ ತೊಳೆಯುತ್ತಿದ್ದ ಅವರನ್ನು ಒಲೆಯ ಬಳಿಗೆ ಕರೆದ ಹಿರಿಯರು ಮೊದಲ ದಿನವೇ ಹೇಳಿದ್ದರು: ದೇವರಿಗೆ ಇಡುವ ಮೊದಲು ನಾಲಗೆಗೆ ಮುಟ್ಟಿಸಿದರೆ ಅದು ಎಂಜಲು, ಹದವೆಲ್ಲ ಆವಿಯಲ್ಲೇ ತಿಳಿಯಬೇಕು. ಹೋಟೆಲಿನ ಸಾಂಬಾರಿನ ಮೊದಲ ಸೌಟು ಇವತ್ತಿಗೂ ಗಲ್ಲಾದ ಹಿಂದಿನ ಕೃಷ್ಣನ ಪಟದ ಮುಂದೆ ಹೋಗುತ್ತದೆ. ಭಟ್ಟರು ಕೊಪ್ಪರಿಗೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದರೆ ಸಾಕು, ಹುಳಿ ಎಷ್ಟು, ಬೆಲ್ಲ ಎಷ್ಟು ಎಂದು ಹೇಳಿಬಿಡುತ್ತಿದ್ದರು. ಉಪ್ಪು ಕೂಡ ವಾಸನೆಯಲ್ಲೇ ತಿಳಿಯುತ್ತದೆ ಎಂದರೆ ನಗುವವರು ನಗಲಿ; ಅವರಿಗೆ ತಿಳಿಯುತ್ತಿತ್ತು.

ಈಗ ಎಲ್ಲವೂ ಲೆಕ್ಕದ ಮೇಲೆ ನಡೆಯುತ್ತಿತ್ತು. ಇಷ್ಟು ಬೇಳೆಗೆ ಇಷ್ಟು ಹಿಡಿ ಉಪ್ಪು. ಮೆಣಸು ಹುರಿದದ್ದು ಸಾಕೋ ಇಲ್ಲವೋ ಎಂಬುದನ್ನು ಬಣ್ಣದಿಂದ ತಿಳಿಯಬೇಕು. ತೀರಾ ಸಂಶಯ ಬಂದರೆ ಎರಡನೇ ಅಡುಗೆಯವನಾದ ಮಧುಸೂದನನನ್ನು ಕರೆಯುತ್ತಿದ್ದರು. “ಇಪ್ಪತ್ತು ವರ್ಷ ಆಯ್ತಲ್ಲ ಮಾರಾಯ, ಮೂಸಿ ಹೇಳು ನೋಡುವ, ಎಂಥ ಕಮ್ಮಿ ಉಂಟು?” ಅವನು ಪರೀಕ್ಷೆ ಎಂದುಕೊಂಡು ಹೇಳುತ್ತಿದ್ದ, ಇವರು ಗುರುಗಳ ಹಾಗೆ ತಲೆದೂಗುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಐದು ತಿಂಗಳು ಕಳೆಯಿತು. ಸಿಕ್ಕಿಬಿದ್ದರೆ ಸೌಟು ಕೆಳಗಿಡಬೇಕು. ಸೌಟು ಕೆಳಗಿಟ್ಟರೆ ತಾನು ಯಾರು? ಬೇರೆ ಯಾವ ಕೆಲಸವೂ ಅವರಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೋಟೆಲಿಗೆ ಬಣ್ಣ ಹೊಡೆಸಲೆಂದು ಶುಕ್ರವಾರ, ಶನಿವಾರ ಬಾಗಿಲು ಹಾಕಿದರು. ಎರಡನೇ ಶನಿವಾರವಾದ್ದರಿಂದ ಬ್ಯಾಂಕಿನಲ್ಲಿದ್ದ ಮಗಳು ಪ್ರಣಮ್ಯಾಳಿಗೂ ರಜೆ. ಅವಳು ಎಂಟು ವರ್ಷದ ಮಗಳು ವೀಕ್ಷಾಳನ್ನು ಕರೆದುಕೊಂಡು ಪೆರಂಬೂರಿನಿಂದ ಬಂದು, “ವಂಡಲೂರು ಜೂಗೆ ಹೋಗುವ ಅಪ್ಪಾ, ನೀವು ಒಮ್ಮೆಯೂ ನೋಡ್ಲಿಲ್ಲ” ಎಂದಳು. ನಿಜವೇ. ನಾಲ್ಕು ಸ್ಟೇಷನ್ ಆಚೆ ಹುಲಿ ಸಿಂಹ ಇಟ್ಟುಕೊಂಡು ಭಟ್ಟರು ಇಪ್ಪತ್ತಾರು ವರ್ಷ ಒಲೆಯನ್ನೇ ನೋಡಿದ್ದರು.

ಬುತ್ತಿ ನನ್ನದೇ ಎಂದು ಅವರು ಶನಿವಾರ ಬೆಳಿಗ್ಗೆ ನಾಲ್ಕಕ್ಕೇ ಎದ್ದರು. ಗುರುವಾರ ರಾತ್ರಿ ಹೋಟೆಲಿನ ಬಾಗಿಲು ಹಾಕುವಾಗ ಉಳಿದ ಕಾಯಿತುರಿಯನ್ನು ಡಬ್ಬಿಗೆ ತುಂಬಿಸಿ ತಂದಿದ್ದರು. ರಜೆಯ ಮುನ್ನಾದಿನ ಹಾಗೆ ತರುವುದು ಅಲ್ಲಿಯ ವಾಡಿಕೆ. ಶುಕ್ರವಾರ ರಿಪೇರಿಯೆಂದು ಬೀದಿಗೆಲ್ಲ ಸಂಜೆಯವರೆಗೆ ಕರೆಂಟಿರಲಿಲ್ಲ. ಫ್ರಿಜ್ಜು ಇಡೀ ದಿನ ಬೆವರುತ್ತಿತ್ತು. ತುರಿ ನೋಡಲು ಬೆಳ್ಳಗೆ ಇತ್ತು. ಭಟ್ಟರು ಅದಕ್ಕೆ ಸಾಸಿವೆ, ಮೆಣಸು, ಅರಸಿನ ಸೇರಿಸಿ ರುಬ್ಬಿ, ಊರಿನ ಕ್ರಮದಲ್ಲಿ ಚಿತ್ರಾನ್ನ ಕಲಸಿದರು. ಬೇರೆ ಡಬ್ಬಿಗೆ ಮೊಸರನ್ನ. ಹೆಂಡತಿ ಚಂದ್ರಮತಿ ಏಳುವಷ್ಟರಲ್ಲಿ ಎಲ್ಲ ಮುಚ್ಚಿಟ್ಟಾಗಿತ್ತು.

ವಂಡಲೂರಿನಲ್ಲಿ ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ಹುಲಿ ಎಲ್ಲೋ ನೆರಳಿನಲ್ಲಿ ಮಲಗಿ ಬಾಲ ಮಾತ್ರ ತೋರಿಸಿತು. ಸಿಂಹ ಅದನ್ನೂ ತೋರಿಸಲಿಲ್ಲ. ಕತ್ತೆಕಿರುಬದ ಬಳಿಗೆ ಬಂದಾಗ ಜನರೆಲ್ಲ ಕರವಸ್ತ್ರ, ಸೆರಗು ಹುಡುಕತೊಡಗಿದರು.

“ಅಯ್ಯೋ, ಸೆಮ್ಮ ನಾತ್ತಂ! ಅಜ್ಜಾ, ವಾಂಗ!” ಎಂದು ವೀಕ್ಷಾ ಶಾಲೆಯ ತಮಿಳಿನಲ್ಲಿ ಅಜ್ಜನನ್ನು ಕರೆಯುತ್ತ ಮೂಗು ಹಿಡಿದು ಓಡಿದಳು. ಅಜ್ಜ ಮಾತ್ರ ಕಂಬಿಗೆ ಎದೆ ಆನಿಸಿ, ದೇವರ ದರ್ಶನಕ್ಕೆ ನಿಂತವರಂತೆ ನೋಡುತ್ತಿದ್ದರು.

“ಅಪ್ಪಾ, ನಿಮಗೆ ವಾಸನೆ ಬರ್ತಾ ಇಲ್ವಾ?” ಎಂದಳು ಪ್ರಣಮ್ಯಾ.

ಭಟ್ಟರು ಕಂಬಿ ಬಿಟ್ಟು ಹಿಂದೆ ಸರಿದರು. “ಅಡುಗೆಮನೆಯ ಹೊಗೆ ಕುಡಿದ ಮೂಗು, ಇದೆಲ್ಲ ಎಂಥ” ಎಂದು ನಕ್ಕು ತೇಲಿಸಿದರು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಲ್ಲಿಂದ ಮುಂದೆ ಪ್ರತಿ ಪಂಜರದ ಎದುರೂ ಶಲ್ಯದಿಂದ ಮೂಗು ಮುಚ್ಚಿಕೊಂಡರು. ನವಿಲಿನ ಮುಂದೆಯೂ ಮುಚ್ಚಿಕೊಂಡರು. ಗಾಜಿನ ಹಿಂದೆ ಸುರುಳಿ ಸುತ್ತಿಕೊಂಡು ಬಿದ್ದಿದ್ದ ಹಾವಿನ ಮುಂದೆಯೂ. ಮಗಳು ಅವರನ್ನು ವಿಚಿತ್ರವಾಗಿ ನೋಡಿದಳು. ಚಂದ್ರಮತಿ ನೋಡದ ಹಾಗೆ ಮುಂದೆ ನಡೆದರು.

ಮಧ್ಯಾಹ್ನ ಮರದಡಿಯ ಕಲ್ಲುಬೆಂಚಿನಲ್ಲಿ ಕುಳಿತರು. ಚಂದ್ರಮತಿ, ಪ್ರಣಮ್ಯಾ ನೀರು ತುಂಬಿಸಲು ಹೋದರು. ಹಸಿವು ಎಂದು ಕೊಸರಾಡುತ್ತಿದ್ದ ಮೊಮ್ಮಗಳಿಗೆ ಭಟ್ಟರೇ ಡಬ್ಬಿ ತೆರೆದು ಚಿತ್ರಾನ್ನ ಬಡಿಸಿದರು.

ವೀಕ್ಷಾ ಒಂದು ತುತ್ತು ತಿಂದು ಮುಖ ಕಿವುಚಿದಳು. “ಅಜ್ಜಾ, ಒರು ಮಾದಿರಿ ಇರುಕ್ಕು. ಒಂಥರಾ ಉಂಟು, ಬೇಡ.”

“ಬಿಸಿಲಿಗೆ ನಾಲಗೆ ಕೆಟ್ಟಿದೆ ನಿಂಗೆ” ಎಂದರು ಭಟ್ಟರು. “ತಿನ್ನು ಕುಟ್ಟಿ. ಅಜ್ಜ ಮಾಡಿದ್ದು ಕೆಡ್ಲಿಕ್ಕುಂಟಾ?”

ಮಗು ಅಜ್ಜನ ಮುಖ ನೋಡಿತು. ಅವರಿಗೆ ಬೇಸರವಾಗಬಾರದೆಂದು ತಟ್ಟೆಯಲ್ಲಿದ್ದುದನ್ನೆಲ್ಲ ಗಬಗಬನೆ ನುಂಗಿತು. ನೀರಿನ ಬಾಟಲಿ ಹಿಡಿದು ಹೆಂಗಸರು ಮರಳುವಷ್ಟರಲ್ಲಿ ಮರದ ಬುಡದಲ್ಲಿ ಬಗ್ಗಿ ವಾಂತಿ ಮಾಡುತ್ತಿತ್ತು. ಚಂದ್ರಮತಿ ಡಬ್ಬಿಯನ್ನು ಮೂಗಿನ ಹತ್ತಿರ ತಂದು, ತಟ್ಟನೆ ಮುಚ್ಚಳ ಹಾಕಿದರು. ಪ್ರಣಮ್ಯಾಳಿಂದ ಸುಮ್ಮನಿರಲಾಗಲಿಲ್ಲ.

“ಅಷ್ಟು ದೂರಕ್ಕೆ ಹಳಸಿದ ನಾತ ಹೊಡೀತಾ ಉಂಟು ಅಪ್ಪಾ! ನಿಮ್ಮ ಕೈಯಾರೆ ಹೇಗೆ ಕೊಟ್ರಿ ಮಗುವಿಗೆ?”

ಭಟ್ಟರು ಎರಡು ಕೈಯನ್ನೂ ಮುಖಕ್ಕೆ ಹಿಡಿದು ಮೂಸಿದರು. ಏನೂ ಇಲ್ಲ. ಅವರಿಗೆ ನಾಚಿಕೆಯಾಯಿತು, ಹೆದರಿಕೆಯಾಯಿತು. ದಿನಕ್ಕೆ ಆರುನೂರು ಜನ ಅವರ ಕೈಯಡುಗೆ ಉಣ್ಣುತ್ತಿದ್ದರು. ಅದರಲ್ಲಿ ಎಷ್ಟು ಮಕ್ಕಳೋ.

ಅವರು ಅಲ್ಲಿಯೇ ನಿಂತು ಹೋಟೆಲಿನ ಯಜಮಾನರಾದ ಮುರಳೀಧರ ರಾಯರಿಗೆ ಫೋನ್ ಮಾಡಿದರು. “ರಾಯರೇ, ನಾಳೆಯಿಂದ ಒಲೆ ಮಧುಸೂದನನಿಗೆ ಕೊಡಿ. ನನ್ನ ಮೂಗು ಹೋಗಿದೆ. ಐದು ತಿಂಗಳಾಯ್ತು.”

“ಐದು ತಿಂಗಳು ಹೇಳ್ಲಿಲ್ವಾ ಭಟ್ರೇ?” ಎಂದರು ರಾಯರು. “ಸರಿ, ನಾಳೆ ಬನ್ನಿ. ಮಾತಾಡುವ.”

ಮಾತಾಡುವ ಎಂದರೆ ಏನೆಂದು ಭಟ್ಟರಿಗೆ ಗೊತ್ತಿತ್ತು. ಬೇಡವಾದವರನ್ನು ಕಳಿಸುವಾಗ ರಾಯರು ಹಾಗೆಯೇ ಹೇಳುತ್ತಿದ್ದರು.

ಮರಳುವ ರೈಲಿನಲ್ಲಿ ವೀಕ್ಷಾ ತಾಯಿಯ ತೊಡೆಯ ಮೇಲೆ ಮಲಗಿದ್ದಳು. ಎರಡು ಸಲ ನೀರು ಕುಡಿದು ಚೇತರಿಸಿಕೊಂಡಿದ್ದಳು. ಎದುರಿನ ಸೀಟಿನಲ್ಲಿ ಗಂಡ ಹೆಂಡತಿ. ಪೆರುಂಗಳತ್ತೂರು ದಾಟಿದ ಮೇಲೆ ಚಂದ್ರಮತಿ ಮೆಲ್ಲನೆ, “ನಂಗೆ ಮೊದ್ಲೇ ಗೊತ್ತಿತ್ತು” ಎಂದರು.

“ಯಾವಾಗಿಂದ?”

“ನೀವು ನನ್ನ ಅಡುಗೆ ಚಂದ ಉಂಟು ಅಂದ ದಿನದಿಂದ. ಮದುವೆಯಾಗಿ ಮೂವತ್ತೈದು ವರ್ಷ, ಒಂದು ದಿನ ಹಾಗೆ ಅಂದದ್ದುಂಟಾ? ಬಡಿಸುವ ಮೊದ್ಲೇ ಬಾಗಿಲಲ್ಲಿ ನಿಂತು ತಪ್ಪು ಹೇಳ್ತಿದ್ರಿ. ಆ ದಿನ ಸಾರು ತಳ ಹಿಡಿದಿತ್ತು. ನೀವು ಎರಡು ಸಲ ಹಾಕಿಸ್ಕೊಂಡು, ಚಂದ ಉಂಟು ಅಂದ್ರಿ. ಮತ್ತೆ ದಿನಾ ಅಂದ್ರಿ.”

ಸಂಶಯ ಬರಬಾರದೆಂದು ಭಟ್ಟರು ಹೂಡಿದ ಉಪಾಯ ಅದು. “ಹಾಗಾದ್ರೆ ಆಗ್ಲೇ ಕೇಳ್ಬಹುದಿತ್ತಲ್ಲ ನೀನು?”

“ಕೇಳಿದ್ರೆ ನೀವು ಚಂದ ಉಂಟು ಅನ್ನುವುದು ನಿಲ್ಲಿಸ್ತಿದ್ರಿ” ಎಂದರು ಚಂದ್ರಮತಿ. ಅವರ ಕಣ್ಣು ತುಂಬಿತ್ತು. “ಸುಳ್ಳು ಅಂತ ಗೊತ್ತುಂಟು. ಆದ್ರೂ ಇನ್ನೊಂದು ದಿನ ಕೇಳುವ, ಇನ್ನೊಂದು ದಿನ ಕೇಳುವ ಅಂತ ಆಸೆ. ನನ್ನ ಆಸೆಗೆ ಆ ಮಗು ವಾಂತಿ ಮಾಡಿಕೊಳ್ಬೇಕಾಯ್ತು.”

ತಾಂಬರಂನಲ್ಲಿ ಜನ ಹತ್ತಿದರು, ಇಳಿದರು. ರೈಲು ಹೊರಟ ಮೇಲೆ ಭಟ್ಟರು ಹೆಂಡತಿಯ ಕಡೆ ತಿರುಗದೆ ಕೇಳಿದರು, “ಉಳಿದ ದಿನದ ನಿನ್ನ ಅಡುಗೆ? ಅದಾದ್ರೂ ಚಂದ ಇತ್ತಾ?”

“ನಂಗೆ ಹೇಗೆ ಗೊತ್ತು?” ಎಂದರು ಚಂದ್ರಮತಿ. “ಹೇಳ್ಬೇಕಾದವರು ನೀವಲ್ವಾ?”