ಮೀನು ಕೊಲ್ಲುತ್ತಿದ್ದ ಮೇಡಂ

ಇದನ್ನು ಎಂದೋ ಹೇಳಬೇಕಿತ್ತು. ಹಬ್ಬ ಕಳೆಯಲಿ, ಚಳಿ ಕಳೆಯಲಿ, ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದು ಮುಂದಕ್ಕೆ ಹಾಕುತ್ತಲೇ ಬಂದೆ. ಮೊನ್ನೆ ನಮ್ಮ ಭಜನೆ ಗುಂಪಿನ ಡಾಕ್ಟ್ರು ಕಡ್ಲೆಪುರಿಯ ದೊಡ್ಡ ಪೊಟ್ಟಣ ಹಿಡಿದು ಮನೆಗೆ ಬಂದರು. "ಬನ್ನಿ ರಾಯರೇ, ಹಿಂದ್ಗಡೆ ಪಾಂಡಲ್ಲಿ ಮೀನಿಗೆ ಹಾಕೋಣ. ಮೊಮ್ಮಕ್ಕಳು ಕಾರಲ್ಲಿದಾರೆ, ಅವಕ್ಕೂ ಸ್ವಲ್ಪ ನಮ್ ಕಲ್ಚರ್ ಗೊತ್ತಾಗ್ಲಿ" ಎನ್ನುತ್ತ ಪೊಟ್ಟಣದ ಬಾಯಿ ಬಿಚ್ಚಿದರು. ಪುರಿಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಅದನ್ನು ಅವರ ಕೈಯಿಂದ ಕಿತ್ತುಕೊಂಡೆ. ಅವತ್ತು ಅವರಿಗೆ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ತಮ್ಮ ಕೆನಡಾಕ್ಕೆ ಕರೆಸಿಕೊಂಡ, ಬಂದೆ. ಓಕ್‌ವಿಲ್ಲಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮೇಲೆ ರಿಚ್ಮಂಡ್ ಹಿಲ್‌ನಲ್ಲಿ ಮಗನ ಮನೆ ಸೇರಿದೆ. ಮನೆಯ ಹಿಂದೆ ಮಳೆನೀರು ನಿಲ್ಲಲೆಂದು ಬಿಲ್ಡರು ತೋಡಿದ ಕೊಳ. ಅದು ತುಂಬಿದರೆ ನೀರು ಕೆಳಗಿನ ತೊರೆಗೆ ಹರಿಯುತ್ತದೆ. ಪಕ್ಕದ ಮನೆಯಲ್ಲಿ ಮೈಸೂರು ಕಡೆಯ ಹೆಂಗಸೊಬ್ಬರಿದ್ದರು. ಯೂನಿವರ್ಸಿಟಿಯಲ್ಲಿ ಮೀನುಗಳ ಬಗ್ಗೆ ಪಾಠ ಹೇಳಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಮಗಳು ದೂರದ ಊರಿನಲ್ಲಿದ್ದಳು. ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು.

ಬೇಸಿಗೆಯಲ್ಲಿ ಮೇಡಂ ತೊಡೆ ಮುಚ್ಚುವ ರಬ್ಬರ್ ಬೂಟು ಹಾಕಿಕೊಂಡು ತೊರೆಗೆ ಇಳಿಯುತ್ತಿದ್ದರು. ಒಂದು ದಿನ ನನ್ನನ್ನೂ ಕರೆದರು. ದಡದ ಹುಲ್ಲು ನೀರಿನ ಮೇಲೆ ಬಾಗಿದ್ದ ಮಡುವಿನ ಹತ್ತಿರ ನಿಂತೆವು.

"ಸ್ವಲ್ಪ ಹಿಂದೆ ಬನ್ರೀ, ನಿಮ್ ನೆರಳು ನೀರಿಗೆ ಬೀಳ್ತಿದೆ."

ಸ್ವಲ್ಪ ಹೊತ್ತಾಯಿತು. ಹುಲ್ಲಿನ ತುದಿಯಲ್ಲಿ ನೊಣವೊಂದು ಆಡುತ್ತಿತ್ತು. ನೀರಿನಿಂದ ಬೆರಳುದ್ದದ ಮೀನೊಂದು ಚಂಗನೆ ಹಾರಿ ಅದನ್ನು ಕಚ್ಚಿಕೊಂಡು ಬಿದ್ದಿತು. ಪಕ್ಕೆಯಲ್ಲಿ ಕುಂಕುಮ ಎಳೆದಂಥ ಕೆಂಪು ಪಟ್ಟೆ. ರೆಡ್‌ಸೈಡ್ ಡೇಸ್ ಅಂತ ಹೆಸರು ಹೇಳಿದರು. ಹಿಂದೆ ಈ ನಾಡೆಲ್ಲ ಹಿಮದ ಗಡ್ಡೆಯ ಕೆಳಗೆ ಇತ್ತಂತೆ. ಹಿಮ ಕರಗಿ ಹಿಂದೆ ಸರಿದಂತೆ, ಆ ನೀರು ತುಂಬಿದ ಕೆರೆ ಹೊಳೆಗಳನ್ನೇ ದಾರಿ ಮಾಡಿಕೊಂಡು ದಕ್ಷಿಣದ ಕಣಿವೆಗಳಿಂದ ಮೀನುಗಳು ಮೇಲೆ ಬಂದವಂತೆ. ಈ ಪುಟ್ಟದು ಬಂದು ನಿಂತದ್ದು ಇಲ್ಲಿ. ಕೆನಡಾದಲ್ಲಿ ಇದಕ್ಕೆ ಇರುವ ಮನೆ ಹೆಚ್ಚುಕಡಿಮೆ ಇಲ್ಲಿನ ದೊಡ್ಡ ಸರೋವರದ ಸುತ್ತಿನ ಇಂಥ ಕೆಲವು ತೊರೆಗಳು ಮಾತ್ರ.

"ನಿಮ್ಮನ್ನ ತಮ್ಮ ಸ್ಪಾನ್ಸರ್ ಮಾಡ್ದ, ನನ್ನನ್ನ ಯೂನಿವರ್ಸಿಟಿ ಕರೀತು. ಇದು ನೋಡಿ, ಯಾರನ್ನೂ ಕೇಳ್ದೆ ಈಜ್ಕೊಂಡು ಬಂತು" ಎಂದು ನಕ್ಕರು. "ಆದ್ರೆ ಇದಕ್ಕೆ ನೀರು ತಿಳಿಯಾಗಿರ್ಬೇಕು. ಮೇಲಿರೋ ನೊಣ ಕಾಣ್ದಿದ್ರೆ ಏನು ತಿನ್ನುತ್ತೆ?"

ಆ ಮಾತು ಕೇಳಿಸಿಕೊಂಡವನು ನಾನು. ತಿಳಿಯದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ.

ಮರುವರ್ಷ ನನ್ನ ಹೆಂಡತಿಗೆ ಎದೆಯ ಆಪರೇಷನ್ ಆಯಿತು. ನಮ್ಮೂರು ಕಾವೇರಿಯ ದಂಡೆ. ಅಲ್ಲಿ ದೇವಸ್ಥಾನದ ಮುಂದಿನ ಮಡುವಿನಲ್ಲಿ ದೇವರ ಮೀನುಗಳಿವೆ, ಯಾರೂ ಹಿಡಿಯುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಗುಣವಾದರೆ ಹೋಗಿ ಪುರಿ ಹಾಕಿ ಬರುತ್ತೇವೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನೂ ಹಾಗೆಯೇ ಹರಕೆ ಹೊತ್ತೆ. ಅವಳು ಮನೆಗೆ ಬಂದಳು. ಕಾವೇರಿ ಎಲ್ಲಿಂದ ತರಲಿ... ಅಂಗಡಿಯಿಂದ ಒಂದು ಬಕೆಟ್ ಗೋಲ್ಡ್‌ಫಿಶ್ ತಂದು, ಅರಿಶಿನ ಕುಂಕುಮ ಹಾಕಿ, ಹಿಂದಿನ ಕೊಳಕ್ಕೆ ಬಿಟ್ಟೆ. ಭಜನೆಯವರಿಗೆ, "ಇಲ್ಲಿ ಬಂಗಾರದ ಮೀನಿದಾವೆ, ದೇವರೇ ಕಳಿಸಿರ್ಬೇಕು" ಎಂದೆ. ಭಾನುವಾರ ಭಾನುವಾರ ಪುರಿ ಹಾಕುವ ಪದ್ಧತಿಯೇ ಶುರುವಾಯಿತು. ಅದನ್ನು ನೋಡಿ ಹೆಮ್ಮೆಪಟ್ಟೆ.

ಚಳಿಗಾಲದ ಮಂಜುಗಡ್ಡೆಯ ಕೆಳಗೂ ಅವು ಸಾಯಲಿಲ್ಲ. ಮೊಟ್ಟೆಯಿಟ್ಟು ಮರಿ ಮಾಡಿದವು, ಅಂಗೈಗಿಂತ ದೊಡ್ಡವಾದವು. ತಳದ ಕೆಸರನ್ನು ಕೆದರಿ, ಗಿಡಗಳ ಬೇರು ಕಿತ್ತು ಕೊಳವನ್ನು ಹಾಲು ಹಾಕಿದ ಟೀಯ ಬಣ್ಣಕ್ಕೆ ತಂದವು. ಮಳೆ ಬಂದಾಗ ಆ ರಾಡಿ ತೊರೆಗೆ ಇಳಿಯಿತು. ಮೇಡಂ ನಗರಸಭೆಯಿಂದ ಅನುಮತಿ ಪಡೆದು ಬಲೆ ಹಾಕತೊಡಗಿದರು. ಸಿಕ್ಕ ಗೋಲ್ಡ್‌ಫಿಶ್‌ಗಳನ್ನು ಲವಂಗದ ಎಣ್ಣೆ ಬೆರೆಸಿದ ಬಕೆಟ್ ನೀರಿಗೆ ಹಾಕುತ್ತಿದ್ದರು. ಅವು ನಿದ್ದೆ ಹೋದಂತೆ ಹೋಗಿಬಿಡುತ್ತಿದ್ದವು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಹೆಂಗಸು ಆಕೆ.

"ಯಾರು ಬಿಟ್ರೋ ಗೊತ್ತೇನ್ರೀ?" ಎಂದು ಬೇಲಿಯಾಚೆಯಿಂದ ಒಮ್ಮೆ ಕೇಳಿದರು.

"ಯಾರೋ ಬೇರೆ ಜನ ಇರ್ಬೇಕು ಮೇಡಂ. ನಮ್ಮೋರು ಯಾಕೆ ಬಿಡ್ತಾರೆ?" ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ... ನಿಲ್ಲಿಸಲಿಲ್ಲ. ಮೀನು ಕೊಲ್ಲೋ ಮೇಡಂ ಎಂಬ ಹೆಸರಿಟ್ಟವನು ನಾನೇ. ಕಾರ್ತೀಕ ಮಾಸದಲ್ಲಿ ಡಾಕ್ಟ್ರ ಬೇಸ್‌ಮೆಂಟಿನಲ್ಲಿ ಭಜನೆಯಿತ್ತು. ಭಜನೆಯಾದ ಮೇಲೆ ಊಟ, ಪ್ರತಿ ಮನೆಯಿಂದ ಒಂದೊಂದು ಅಡುಗೆ. ಮೇಡಂ ಬಿಸಿಬೇಳೆಭಾತ್ ತಂದಿದ್ದರು. ಮುಚ್ಚಳ ತೆಗೆದಾಗ ತುಪ್ಪ, ಮಸಾಲೆಯ ಘಮ ಎದ್ದಿತು. ತಟ್ಟೆ ಹಿಡಿದು ಸಾಲಿನ ಮುಂದೆ ನಿಂತಿದ್ದವನು ನಾನು.

"ಮೇಡಂ, ಈ ಲವಂಗದ ವಾಸನೆ ಭಾತಿಂದೋ, ಬಕೆಟ್ಟಿಂದೋ?"

ಯಾರೋ ಕಿಸಕ್ಕನೆ ನಕ್ಕರು. ನಾನು ಪಾತ್ರೆಯನ್ನು ದಾಟಿ ಚಿತ್ರಾನ್ನದ ಕಡೆ ಹೋದೆ. ನನ್ನ ಹಿಂದಿನವರೂ ದಾಟಿದರು. ಸಾಲು ಮುಗಿದಾಗ ಭಾತಿಗೆ ಸೌಟು ಬಿದ್ದಿರಲಿಲ್ಲ.

ಮೇಡಂ ಅಳಲಿಲ್ಲ, ಎದ್ದೂ ಹೋಗಲಿಲ್ಲ. ತಟ್ಟೆ ತುಂಬ ಭಾತು ಬಡಿಸಿಕೊಂಡು, ನಮ್ಮೆಲ್ಲರ ನಡುವೆ ಕುರ್ಚಿ ಎಳೆದುಕೊಂಡು ಕೂತು, ನಿಧಾನವಾಗಿ ಪೂರ್ತಿ ಉಂಡರು. "ಉಪ್ಪು ಸರಿಯಾಗಿದೆ" ಎಂದು ತಮಗೆ ತಾವೇ ಹೇಳಿಕೊಂಡರು. ತಟ್ಟೆ ತೊಳೆದಿಟ್ಟು, ಪಾತ್ರೆ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಬಾಗಿಲು ತೆಗೆಯಲು ಕೂಡ ಯಾರೂ ಏಳಲಿಲ್ಲ. ಮತ್ತೆ ಅವರು ಭಜನೆಗೆ ಬರಲಿಲ್ಲ. ತೊರೆಗೆ ಇಳಿಯುವುದನ್ನು ಮಾತ್ರ ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸಿದರು.

"ಹರಕೆ ವಿಷಯ ನಿಮ್ಮನೆಯವ್ರು ಆಗ್ಲೇ ಹೇಳಿದ್ರು, ಕಾರ್ತೀಕಕ್ಕೂ ಮುಂಚೆ. ಅವ್ರು ಹುಷಾರಾಗಿದ್ದು ನನಗೂ ಸಂತೋಷ. ಬಲೆಯ ಆಚೆ ತುದಿ ಹಿಡಿಯೋಕೆ ಒಬ್ರು ಬೇಕು ರಾಯರೇ. ನನ್ ಕೈಲಿ ಒಬ್ಬಳೇ ಆಗ್ತಿಲ್ಲ. ಬರ್ತೀರಾ?"

ಅಂದರೆ ಆ ಬೇಸ್‌ಮೆಂಟಿನಲ್ಲಿ ಅವರಿಗೆ ಎಲ್ಲ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು, ಆ ಸಾಲಿನವರ ಮುಂದೆ ನಾನು ಮುಖ ಎತ್ತುವಂತಿರಲಿಲ್ಲ. ಆಡಲಿಲ್ಲ. ಅದಕ್ಕೆ ನಾನು ಕೊಟ್ಟ ಉತ್ತರ ಇದು:

"ಜೀವಹಿಂಸೆ ನಮ್ ಕೈಲಾಗಲ್ಲ ಮೇಡಂ."

ಅವರು ನನ್ನನ್ನು ಒಮ್ಮೆ ನೋಡಿ, ಬಲೆ ಹೆಗಲಿಗೇರಿಸಿ ಒಬ್ಬರೇ ಹೋದರು. ಆ ಚಳಿಗಾಲ ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ. ಮಗಳು ಬಂದು ಮನೆ ಮಾರಿದಳು. ಅಂತ್ಯಕ್ರಿಯೆಗೆ ಹೋಗಿದ್ದೆ. ಹೂವಿಟ್ಟೆ. ಬಾಯಿ ಬಿಡಲಿಲ್ಲ.

ಈಗ ತೊರೆಯ ಆ ಮಡುವಿನಲ್ಲಿ ನೊಣಗಳು ನೆಮ್ಮದಿಯಾಗಿ ಆಡುತ್ತವೆ. ಹಾರಿ ಹಿಡಿಯಲು ಕೆಳಗೆ ಯಾರೂ ಇಲ್ಲ. ಹೊಸ ಮನೆಗಳು, ಚಳಿಗಾಲದಲ್ಲಿ ಮಂಜು ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು, ದಡದ ಹುಲ್ಲು ಕತ್ತರಿಸಿದ್ದು, ಎಲ್ಲವೂ ಸೇರಿ ಆ ಮೀನು ಹೋಯಿತು ಎಂದು ತಿಳಿದವರು ಹೇಳುತ್ತಾರೆ. ನಿಜವಿರಬಹುದು. ಆ ಸಮಾಧಾನ ನನಗೆ ಬೇಡ. ನನ್ನ ಪಾಲಿನ ಕೆಸರು ನನ್ನದೇ.

ಅನುಮತಿ ಇರುವ ಸ್ವಯಂಸೇವಕರ ಗುಂಪು ಸೇರಿದ್ದೇನೆ. ಈ ಮಂಡಿನೋವಿನಲ್ಲೂ ಕೊಳಕ್ಕೆ ಇಳಿದು ಬಲೆಯ ತುದಿ ಹಿಡಿಯುತ್ತೇನೆ. ನಾನು ಬಿಟ್ಟ ಮೀನಿನ ಸಂತತಿಯನ್ನು ನನ್ನ ಕೈಯಿಂದಲೇ ಲವಂಗದ ನೀರಿಗೆ ಹಾಕುತ್ತೇನೆ. ಮೊನ್ನೆ ಪುರಿಯ ಪೊಟ್ಟಣ ವಾಪಸು ಕೇಳುತ್ತ ಡಾಕ್ಟ್ರು, "ಈ ವಯಸ್ಸಲ್ಲಿ ಪಾಪ ಯಾಕೆ ಕಟ್ಕೋತೀರಿ? ಹೋದೋರು ಹೋದ್ರು, ಬಿಟ್ಬಿಡಿ" ಎಂದರು. ಬಿಡುವುದಿಲ್ಲ. ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ ಎನ್ನುವವರು ಕೂರಬೇಡಿ. ಆ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ಇದನ್ನು ಓದುತ್ತಿದ್ದರೆ, ನೀವೂ ದಾಟಿ ಹೋದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಆದರೆ ಮೊದಲು ದಾಟಿದವನು ನಾನು, ಕ್ಷಮೆ ಕೇಳಬೇಕಾಗಿದ್ದವನೂ ನಾನು. ಮೇಡಂ ಬದುಕಿದ್ದಷ್ಟು ದಿನ ಬೇಲಿಯ ಈಚೆ ನಿಂತು ಕೇಳದೆ ಉಳಿದೆ. ನಾವು ಹೆಸರು ಹಿಡಿದು ಕರೆಯಲೇ ಇಲ್ಲದ ಆಕೆಯ ಹೆಸರು ಕಾತ್ಯಾಯಿನಿ.